ಪಟ್ಟಿಯಲ್ಲಿ ಇಲ್ಲದ ಆಟಗಾರ

ನಮ್ಮ ಕೋಚ್ ಅರ್ಜೆಂಟೀನಾದವರು. ಬ್ಯೂನಸ್ ಐರಿಸ್‌ನ ದೊಡ್ಡ ಕ್ಲಬ್ಬೊಂದರಲ್ಲಿ ನಾಲ್ಕು ವರ್ಷ ಇದ್ದವರು, ಅಲ್ಲಿನ ಫಸ್ಟ್ ಡಿವಿಷನ್ ಆಡಿದವರು ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಮೊದಲ ದಿನವೇ ನಂಬಲಿಲ್ಲ. ಅಂಥವರು ಜರ್ಮನಿಯ ರೇಗನ್ಸ್‌ಬರ್ಗ್‌ನ ಅಂಚಿನ ಸಣ್ಣ ಕ್ಲಬ್ಬೊಂದರ ಎರಡನೇ ತಂಡಕ್ಕೆ, ಅದೂ ನನ್ನಂಥವನು ಆಡುವ ತಂಡಕ್ಕೆ, ಮಂಗಳವಾರ ಗುರುವಾರ ಸಂಜೆ ಬಂದು ಸೀಟಿ ಯಾಕೆ ಊದುತ್ತಾರೆ?

ಅನುಮಾನ ನನಗೆ ಮನೆಯಿಂದಲೇ ಬಂದದ್ದು. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿ. ಸಹಿ ಮಾಡಲು ಕಲಿತಿದ್ದರು, ಓದಲು ಬರುತ್ತಿರಲಿಲ್ಲ. ಹಾಗಾಗಿ ಯಾವ ಕಾಗದ ಬಂದರೂ ಮೂರು ಜನರ ಹತ್ತಿರ ಬೇರೆ ಬೇರೆಯಾಗಿ ಓದಿಸುತ್ತಿದ್ದರು. ಮೂವರೂ ಒಂದೇ ಅರ್ಥ ಹೇಳಿದರೆ ಮಾತ್ರ ಪೆನ್ನು ಕೈಗೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಆ ಡಿಗ್ರಿಯ ಜೆರಾಕ್ಸ್‌ಗಳಿಗೆ ಅಟೆಸ್ಟೇಶನ್ ಮಾಡಿಸಲು ನಾನು ಹೋಗುತ್ತಿದ್ದದ್ದು ಸರಕಾರಿ ಪಶುವೈದ್ಯರ ಹತ್ತಿರ. ನಮಗೆ ಗೊತ್ತಿದ್ದ ಗೆಜೆಟೆಡ್ ಆಫೀಸರ್ ಅವರೊಬ್ಬರೇ. ಎಮ್ಮೆ ಹಿಡಿದುಕೊಂಡವರು ಹೊರಗೆ ಕಾಯುತ್ತಿದ್ದರೂ ಅವರು ಮೂಲ ಮಾರ್ಕ್ಸ್ ಕಾರ್ಡನ್ನೂ ಜೆರಾಕ್ಸನ್ನೂ ಪಕ್ಕಪಕ್ಕದಲ್ಲಿಟ್ಟು ಸಾಲುಸಾಲಾಗಿ ಬೆರಳಿಟ್ಟು ನೋಡಿಯೇ ಹಸಿರು ಇಂಕಿನಲ್ಲಿ ಸಹಿ ಹಾಕುತ್ತಿದ್ದರು. ನನಗೆ ಅದು ಅವಮಾನ ಅನ್ನಿಸಲಿಲ್ಲ. ನಾನು ಓದಿದ್ದು ನಿಜ ಎಂದು ಗೊತ್ತಾಗಲು ಯಾರಾದರೂ ಹಾಗೆ ನೋಡಲೇಬೇಕಲ್ಲ.

ಜರ್ಮನಿ ಕಂಪ್ಯೂಟರಿನವರಿಗೆಂದು ಗ್ರೀನ್ ಕಾರ್ಡ್ ಹೊರಡಿಸಿದ ಮರುವರ್ಷ ನಾನು ರೇಗನ್ಸ್‌ಬರ್ಗ್‌ಗೆ ಬಂದೆ. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಬ್ರೇಕಿನ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ನನಗೆ ಹೇಳಿ ಮಾಡಿಸಿದ್ದು. ಬೇರೆಯವರು ಬರೆದದ್ದನ್ನು ನಂಬದೆ ಇರುವುದಕ್ಕೇ ಸಂಬಳ. ನಮ್ಮಲ್ಲಿ ನಿಯಮ ಸರಳ: ಸಾಬೀತಾಗದೆ ಇದ್ದದ್ದಕ್ಕೆಲ್ಲ ‘ಫೇಲ್’ ಎಂದು ಬರೆದು ವಾಪಸು ಕಳಿಸು. ಬರೆದವನು ಬಂದು ಸರಿ ಇದೆ ಎಂದು ತೋರಿಸಲಿ, ಇಲ್ಲವೇ ತಿದ್ದಲಿ. ಅದರಲ್ಲಿ ಯಾರಿಗೂ ಬೇಜಾರಿಲ್ಲ. ಮಧ್ಯಾಹ್ನ ಎಲ್ಲರೂ ಒಟ್ಟಿಗೇ ಊಟಕ್ಕೆ ಹೋಗುತ್ತೇವೆ.

ಮನೆ ಸಿಕ್ಕಿದ್ದು ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬರ ಮೇಲ್ಮಹಡಿಯಲ್ಲಿ. ಮೂರು ತಿಂಗಳ ಸಂಬಳದ ಚೀಟಿ, ಕಂಪನಿಯ ಪತ್ರ, ಪಾಸ್‌ಪೋರ್ಟಿನ ಪ್ರತಿ, ಆನ್‌ಮೆಲ್ಡುಂಗ್ ಎನ್ನುವ ವಿಳಾಸ ನೋಂದಣಿಯ ಕಾಗದ ಎಲ್ಲವನ್ನೂ ಅವರು ಮೇಜಿನ ಮೇಲೆ ಹರಡಿಕೊಂಡು ಕನ್ನಡಕ ಏರಿಸಿ ನೋಡಿದರು. ನನಗೆ ಸಮಾಧಾನವಾಯಿತು, ಇಂಥವರ ಜೊತೆ ಹೇಗಿರಬೇಕೆಂದು ನನಗೆ ಗೊತ್ತು. ಎಲ್ಲ ನೋಡಿ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಫುಟ್‌ಬಾಲ್ ಆಡ್ತೀಯಾ?”

ಆಡುತ್ತಿದ್ದೆ. ರೈಲ್ವೆ ಮೈದಾನದಲ್ಲಿ ಬರಿಗಾಲಲ್ಲಿ ಕಲಿತದ್ದು, ಕಾಲೇಜ್ ತಂಡದಲ್ಲಿ ರೈಟ್ ಬ್ಯಾಕ್. ನಮ್ಮ ಮಾಲೀಕರು ಊರಿನ ಫೆರೈನಿಗೆ, ಅಂದರೆ ಆಟದ ಸಂಘಕ್ಕೆ, ಅಧ್ಯಕ್ಷರು ಎಂಬುದು ಆಮೇಲೆ ತಿಳಿಯಿತು. ಹೀಗೆ ನಾನು ಎರಡನೇ ತಂಡಕ್ಕೆ ಸೇರಿದೆ, ಅರ್ಜೆಂಟೀನಾದವರ ಕೈಕೆಳಗೆ.

ಐವತ್ತೈದರ ಆಸುಪಾಸು ವಯಸ್ಸು. ಗಿಡ್ಡ ಆಳು, ದಪ್ಪ ಕತ್ತು. ಹಗಲು ಶಾಲೆಯೊಂದರಲ್ಲಿ ಹೌಸ್‌ಮೈಸ್ಟರ್. ಬಲ್ಬ್ ಹಾಕುವುದು, ಬಾಗಿಲ ಚಿಲಕ ಸರಿ ಮಾಡುವುದು, ಚಳಿಗಾಲದಲ್ಲಿ ಹಿಮ ಬಾಚುವುದು ಅವರ ಕೆಲಸ. ಅವರ ಕೋಚಿಂಗ್ ವಿಚಿತ್ರವಾಗಿತ್ತು. ಓಡಿಸುತ್ತಲೇ ಇರಲಿಲ್ಲ. ಮೈದಾನದ ಮಧ್ಯೆ ಬಂದು ಎರಡೂ ಕೈಯಿಂದ ನಮ್ಮ ಭುಜ ಹಿಡಿದು, ಬೀರು ಸರಿಸಿದ ಹಾಗೆ, ಎರಡು ಹೆಜ್ಜೆ ಆಚೆ ನಿಲ್ಲಿಸುತ್ತಿದ್ದರು.

“ಇಲ್ಲಿ. ಈಗ ಏನು ಕಾಣುತ್ತೆ?”

“ಎಡಗಡೆಯವನು.”

“ಮೊದಲು?”

“ಕಾಣ್ತಿರಲಿಲ್ಲ.”

“ಹಾಗಾದರೆ ಮೊದಲು ಯಾಕೆ ಅಲ್ಲಿದ್ದೆ?”

ಅಷ್ಟೇ ಪಾಠ. ಇದು ನನಗೆ ಬುದ್ಧಿವಂತಿಕೆಯೆಂದೂ ಕಂಡಿತು, ಮೋಸವೆಂದೂ ಕಂಡಿತು. ಚೆಂಡನ್ನು ತಾವೇ ಒದ್ದು ತೋರಿಸಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಇನ್ನೊಂದು ವಿಷಯ, ಅವರು ತಮ್ಮ ಆಟದ ದಿನಗಳ ಕಥೆ ಹೇಳುತ್ತಿರಲಿಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ರಾಜ್ಯ ತಂಡಕ್ಕೆ ಒಂದೇ ಒಂದು ಸಲ ಆಡಿದ ಫಿಟ್ಟರ್ ಒಬ್ಬರಿದ್ದರು. ಆ ಒಂದು ಪಂದ್ಯದ ಕಥೆ ಕೇಳದೆ ಯಾರೂ ಅವರ ಹತ್ತಿರ ಸ್ಪ್ಯಾನರ್ ಇಸಕೊಂಡು ಬರುವ ಹಾಗಿರಲಿಲ್ಲ. ನಾಲ್ಕು ವರ್ಷ ಆಡಿದವರ ಬಾಯಲ್ಲಿ ಒಂದು ಪಂದ್ಯದ ಮಾತೂ ಬರುವುದಿಲ್ಲ ಎಂದರೆ?

ಒಂದು ಬೇಸಿಗೆಯಲ್ಲಿ ಅವರು ಇಡೀ ತಂಡವನ್ನು ಮನೆಗೆ ಕರೆದಿದ್ದರು. ಎಲ್ಲರೂ ಹಿತ್ತಿಲಲ್ಲಿ ಮಾಂಸ ಸುಡುತ್ತಿದ್ದಾಗ ನಾನು ನನ್ನ ಆಲೂಗಡ್ಡೆಯ ತಟ್ಟೆ ಇಟ್ಟು, ಟಾಯ್ಲೆಟ್ಟಿಗೆ ಹೋಗುವ ನೆಪದಲ್ಲಿ ಒಳಗೆ ಹೋದೆ. ಪಡಸಾಲೆಯ ಗೋಡೆ, ನಡುಮನೆಯ ಗೋಡೆ, ಮೆಟ್ಟಿಲ ಪಕ್ಕದ ಗೋಡೆ ಎಲ್ಲ ನೋಡಿದೆ. ಹೆಂಡತಿಯ ಜೊತೆಗಿನ ಮದುವೆ ಫೋಟೊ ಇತ್ತು, ಔಷಧಿ ಅಂಗಡಿಯ ಕ್ಯಾಲೆಂಡರ್ ಇತ್ತು. ಫುಟ್‌ಬಾಲಿನ ಒಂದು ಚಿತ್ರವಿಲ್ಲ, ಒಂದು ಕಪ್ ಇಲ್ಲ. ನನ್ನ ಡಿಗ್ರಿ ಸರ್ಟಿಫಿಕೇಟಿಗೆ ನಮ್ಮವ್ವ ಫ್ರೇಮ್ ಹಾಕಿಸಿ ದೇವರ ಪಕ್ಕ ತೂಗುಹಾಕಿದ್ದಳು.

ಮೈಸೂರಿನ ಸಹೋದ್ಯೋಗಿಯೊಬ್ಬ ನನ್ನ ಜೊತೆ ನಮ್ಮ ಮಹಡಿಯ ಮನೆಯಲ್ಲೇ ಇದ್ದ. ಅವನಿಗೆ ಫುಟ್‌ಬಾಲೂ ಬೇಡ, ಅನುಮಾನವೂ ಬೇಡ.

“ಗುರು, ಟಾಯ್ಲೆಟ್ಟಿಗೆ ಹೋಗಿ ಸಿಬಿಐ ರೇಡ್ ಮಾಡಿ ಬಂದ್ಯಾ?” ಎಂದು ನಕ್ಕ.

“ನಗಬ್ಯಾಡೋ. ನನಗ ಡೌಟ್ ಐತಿ.”

“ನಿಂಗೆ ನಮ್ ಸಾರಲ್ಲಿ ಬೇಳೆ ಇದ್ಯೋ ಇಲ್ವೋ ಅಂತಾನೂ ಡೌಟು. ಅವ್ರು ನಿನ್ನ ಬೆಂಚಲ್ಲಿ ಕೂರಿಸ್ತಾರೆ, ಅದಕ್ಕೆ ಉರಿ ನಿಂಗೆ.”

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲಪಾ” ಎಂದೆ. ಬೆಂಚಿನಲ್ಲಿ ಕೂರಿಸುತ್ತಿದ್ದುದು ನಿಜ. ಕೊನೆಯ ಹದಿನೈದು ನಿಮಿಷಕ್ಕೆ ಇಳಿಸುತ್ತಿದ್ದರು. ಸಂಬಂಧ ಇತ್ತೋ ಇಲ್ಲವೋ ನಾನು ಆಗ ಯೋಚಿಸಲಿಲ್ಲ.

ಎರಡನೇ ವರ್ಷದ ವಸಂತದಲ್ಲಿ ಮೊದಲ ತಂಡದ ಕೋಚ್ ಕೆಲಸ ಬಿಟ್ಟರು. ಆ ಜಾಗಕ್ಕೆ ಅರ್ಜೆಂಟೀನಾದವರನ್ನೇ ಹಾಕಬೇಕೆಂದು ಆಟಗಾರರೆಲ್ಲ ಕೇಳಿದರು. ಅವರಿಗೂ ಅದು ಬೇಕಿತ್ತು, ಬಹಳ ಬೇಕಿತ್ತು. ಹತ್ತು ವರ್ಷದಿಂದ ಎರಡನೇ ತಂಡಗಳನ್ನೇ ನೋಡಿಕೊಂಡಿದ್ದೇನೆ, ಒಮ್ಮೆ ಸರಿಯಾದ ತಂಡ ಕೊಟ್ಟು ನೋಡಿ ಎಂದು ಅವರೇ ಅಧ್ಯಕ್ಷರ ಹತ್ತಿರ ಹೇಳಿದ್ದರಂತೆ. ಆದರೆ ಮೊದಲ ತಂಡಕ್ಕೆ ಕೋಚ್ ಆಗಲು ಲೈಸೆನ್ಸ್ ಬೇಕು. ಕೆಳಗಿನಿಂದ ಶುರು ಮಾಡಿದರೆ ಮೂರು ಚಳಿಗಾಲದ ಕೋರ್ಸು. ಯಾವುದಾದರೂ ದೇಶದ ಫಸ್ಟ್ ಡಿವಿಷನ್ ಆಡಿದವರಿಗೆ ಮಾತ್ರ ನೇರ ದಾರಿ, ಆ ಬೇಸಿಗೆಯಲ್ಲೇ ಮುಗಿಯುತ್ತದೆ.

ಅಧ್ಯಕ್ಷರು ಫಾರ್ಮ್ ಹಿಡಿದುಕೊಂಡು ನಮ್ಮ ಮಹಡಿಗೆ ಬಂದರು. “ಇಲ್ಲಿ ಯಾವ ವರ್ಷ, ಯಾವ ಕ್ಲಬ್ಬು ಅಂತ ಬರೀಬೇಕು. ಜನ ಹೇಳೋದನ್ನೇ ಬರೆಯಲಾ ಅಂತ ಅವರನ್ನ ಕೇಳಿದರೆ ‘ಆಮೇಲೆ ನೋಡೋಣ’ ಅಂತಾರೆ. ನೀನು ಕಂಪ್ಯೂಟರಿನವನಲ್ಲವಾ, ಇಂಟರ್‌ನೆಟ್ಟಿನಲ್ಲಿ ಇದೆಲ್ಲ ಸಿಗುತ್ತಂತಲ್ಲ?”

‘ಆಮೇಲೆ ನೋಡೋಣ’ ಎಂದರಂತೆ! ನನಗೆ ಅಷ್ಟು ಸಾಕಾಯಿತು.

ಆಫೀಸಿನಲ್ಲಿ ಮೂರು ಮಧ್ಯಾಹ್ನ ಊಟ ಬಿಟ್ಟು ಹುಡುಕಿದೆ. ಆ ಕ್ಲಬ್ಬಿನ ಅಭಿಮಾನಿಯೊಬ್ಬ ಸ್ಪ್ಯಾನಿಷ್‌ನಲ್ಲಿ ಮಾಡಿಟ್ಟ ಒಂದು ಪುಟ ಸಿಕ್ಕಿತು. ವರ್ಷ ವರ್ಷದ ಆಟಗಾರರ ಪಟ್ಟಿ, ಯಾರು ಎಷ್ಟು ಪಂದ್ಯ ಎಂಬ ಲೆಕ್ಕ ಸಮೇತ. ಅವರು ಅಲ್ಲಿದ್ದರೆಂದು ಎಲ್ಲರೂ ಹೇಳುತ್ತಿದ್ದ ನಾಲ್ಕು ವರ್ಷ, ಹಿಂದಿನ ಎರಡು, ಮುಂದಿನ ಎರಡು, ಒಟ್ಟು ಎಂಟು ವರ್ಷದ ಪಟ್ಟಿಯನ್ನು ಪಶುವೈದ್ಯರ ಹಾಗೆ ಬೆರಳಿಟ್ಟು ಓದಿದೆ. ಅವರ ಹೆಸರಿಲ್ಲ.

ಖುಷಿಯಾಯಿತೆಂದು ಬರೆಯಲು ಈಗ ನಾಚಿಕೆ. ಆದರೆ ಆಯಿತು. ಅಭ್ಯಾಸದಂತೆ ನಮ್ಮ ಪರೀಕ್ಷೆಯ ನಮೂನೆಯಲ್ಲೇ ಒಂದು ಹಾಳೆ ತಯಾರಿಸಿದೆ. ಹೇಳಿಕೆ: ಈ ಕ್ಲಬ್ಬಿನಲ್ಲಿ ನಾಲ್ಕು ವರ್ಷ, ಫಸ್ಟ್ ಡಿವಿಷನ್ ಆಟಗಾರ. ನೋಡಿದ್ದು: ಎಂಟು ವರ್ಷದ ಪಟ್ಟಿ. ಫಲಿತಾಂಶ: ಫೇಲ್. ಕೆಳಗೆ ನನ್ನ ಸಹಿ, ಬಿ.ಇ. ಎಂದೂ ಸೇರಿಸಿದೆ. ಪ್ರಿಂಟ್ ತೆಗೆದು, ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಅಧ್ಯಕ್ಷರಿಗೆ ಕೊಟ್ಟೆ. ಅವರು ನಿಂತುಕೊಂಡೇ ಎರಡು ಸಲ ಓದಿದರು. ಕಪಾಟಿನಿಂದ ಸಮಿತಿಯ ಫೈಲು ತೆಗೆದು, ಹಾಳೆಗೆ ತೂತು ಹೊಡೆದು, ಅದರಲ್ಲಿ ಹಾಕಿ ಕಪಾಟು ಮುಚ್ಚಿದರು.

ಆ ಕಪಾಟು ಮುಚ್ಚಿದ ಸದ್ದಿಗೆ ನನಗೆ ಸ್ವಲ್ಪ ಗಾಬರಿಯಾಯಿತು. ನಮ್ಮ ಆಫೀಸಿನಲ್ಲಿ ಫೇಲ್ ಹಾಳೆ ಪ್ರೋಗ್ರಾಮ್ ಬರೆದವನ ಮೇಜಿಗೆ ವಾಪಸು ಹೋಗುತ್ತದೆ, ಅವನು ಉತ್ತರ ಕೊಡುತ್ತಾನೆ. ಇಲ್ಲಿ ಅದು ಫೈಲಿಗೆ ಹೋಯಿತು.

ಗುರುವಾರ ಪ್ರಾಕ್ಟೀಸಿಗೆ ಹೋಗುವಷ್ಟರಲ್ಲಿ ಹಾಳೆಯ ಸುದ್ದಿ ತಂಡಕ್ಕೆಲ್ಲ ಮುಟ್ಟಿತ್ತು, ಯಾರೂ ನನ್ನ ಜೊತೆ ಮಾತಾಡಲಿಲ್ಲ. ಗೋಲ್‌ಪೋಸ್ಟ್ ಎತ್ತಿಡಲು ಯಾವಾಗಲೂ ನನ್ನ ಜೊತೆ ಬರುತ್ತಿದ್ದವನು ಆಚೆ ಹೋದ. ಬೂಟಿನ ಲೇಸ್ ಕಟ್ಟುತ್ತಿದ್ದಾಗ ಹಿಂದಿನಿಂದ ಯಾರೋ ಹೇಳಿದರು: “ಬೆಂಚಿನಲ್ಲಿ ಕೂತವರಿಗೆ ಬರೆಯೋಕೆ ಟೈಮ್ ಜಾಸ್ತಿ.” ಎಲ್ಲರೂ ನಕ್ಕರು. ನಾನು ತಿರುಗಿ ನೋಡಲಿಲ್ಲ. ಅಲ್ಲಿಯವರೆಗೆ ಜೀವನದಲ್ಲಿ ನನ್ನ ಕಾಗದಗಳನ್ನು ಅನುಮಾನಿಸಿದವರಿದ್ದರು, ನನ್ನನ್ನು ಅನುಮಾನಿಸಿದವರಿರಲಿಲ್ಲ. ಕೋಚ್ ಮಾತ್ರ ಎಂದಿನ ಹಾಗೆಯೇ ಬಂದು ನನ್ನ ಭುಜ ಹಿಡಿದು ಎರಡು ಹೆಜ್ಜೆ ಸರಿಸಿ ನಿಲ್ಲಿಸಿದರು. ಅವರ ಕೈ ಬಿಗಿಯಾಗಿತ್ತೋ, ನನಗೇ ಹಾಗನ್ನಿಸಿತೋ.

ಶನಿವಾರ ಮಧ್ಯಾಹ್ನ ಬೆಲ್ ಆಯಿತು. ಬಾಗಿಲು ತೆರೆದ ಮೈಸೂರಿನ ಗೆಳೆಯ ಒಳಗೆ ಬಂದು ಕನ್ನಡದಲ್ಲಿ ಮೆಲ್ಲಗೆ ಹೇಳಿದ: “ಮಗಾ, ನಿನ್ ಕೇಸು ಬಾಗಿಲಿಗೇ ಬಂದಿದೆ. ನಾನ್ ಟೀ ಇಡ್ತೀನಿ, ನೀನ್ ಅನುಭವಿಸು.”

ಕೋಚ್ ಬಂದಿದ್ದರು, ಕೈಯಲ್ಲಿ ನನ್ನ ಹಾಳೆಯ ಪ್ರತಿ ಇತ್ತು. ಅಧ್ಯಕ್ಷರೇ ಕೊಟ್ಟಿದ್ದರಂತೆ, ಯಾರು ಬರೆದದ್ದು ಎಂಬುದನ್ನೂ ಮುಚ್ಚಿಡದೆ. ಅಡುಗೆಮನೆಯ ಮೇಜಿನ ಮುಂದೆ ಕೂತರು. ಅವರ ಜರ್ಮನ್ ಮುರುಕು, ನನ್ನದು ಇನ್ನೂ ಮುರುಕು. ಅದರಿಂದ ಮಾತು ನೇರವಾಗಿಯೇ ಆಯಿತು.

“ಚೆನ್ನಾಗಿ ಬರೆದಿದ್ದೀಯ” ಎಂದರು. “ಎಂಟು ವರ್ಷ ನೋಡಿದ್ದೀಯ. ನಾಲ್ಕು ನೋಡಿದ್ರೆ ಸಾಕಿತ್ತು.”

“ನಿಮ್ಮ ಹೆಸರು ಇಲ್ಲ.”

“ಇರಲ್ಲ. ಅದು ಮೊದಲ ತಂಡದ ಪಟ್ಟಿ.” ಟೀ ಲೋಟ ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಬೆರಳಿನಿಂದ ಒಂದು ಚೌಕ ಎಳೆದರು. “ನಮ್ಮಲ್ಲಿ ಭಾನುವಾರ ದೊಡ್ಡ ಪಂದ್ಯಕ್ಕೆ ಮೊದಲು, ಅದೇ ಮೈದಾನದಲ್ಲಿ, ಅದೇ ಎರಡು ಕ್ಲಬ್ಬುಗಳ ರಿಸರ್ವ್ ತಂಡ ಆಡ್ತವೆ. ನಾನು ಅದರಲ್ಲಿದ್ದೆ. ನಾಲ್ಕು ವರ್ಷ. ನಾವು ಶುರು ಮಾಡುವಾಗ ಸ್ಟೇಡಿಯಮ್ ಖಾಲಿ. ಮುಗಿಸುವಾಗ ಮುಕ್ಕಾಲು ತುಂಬಿರುತ್ತೆ. ಆದರೆ ಅವರು ನಮ್ಮನ್ನ ನೋಡಲ್ಲ. ತಮ್ಮ ಸೀಟು ಹುಡುಕ್ತಾ ಇರ್ತಾರೆ.”

“ಮತ್ತೆ ಫಸ್ಟ್ ಡಿವಿಷನ್ ಅಂತ...”

“ನಾನು ಯಾವತ್ತಾದರೂ ಹೇಳಿದ್ದು ಕೇಳಿದ್ದೀಯಾ?”

ನೆನಪಿನಲ್ಲಿ ಹುಡುಕಿದೆ. ಅಧ್ಯಕ್ಷರು ಹೇಳಿದ್ದರು, ಗೋಲ್‌ಕೀಪರ್ ಹೇಳಿದ್ದ, ಬಿಯರ್ ಕೊಡುವವನು ಹೇಳಿದ್ದ. ಅವರು ಹೇಳಿದ್ದು ನೆನಪಾಗಲಿಲ್ಲ.

“ತಪ್ಪು ಅಂತಾನೂ ನೀವು ಹೇಳಲಿಲ್ಲ” ಎಂದೆ.

“ಇಲ್ಲ” ಎಂದರು. “ಹೇಳಲಿಲ್ಲ. ರಿಸರ್ವ್ ಆಮೇಲೆ ಒಳನಾಡಿನ ಒಂದು ಸಣ್ಣ ಕ್ಲಬ್ಬು, ಆಮೇಲೆ ಆಸ್ಟ್ರಿಯಾ, ಆಮೇಲೆ ಇಲ್ಲಿ. ಎಲ್ಲ ಕಡೆ ಎರಡನೆಯದು, ಮೂರನೆಯದು. ಒಂದು ಊರಿನವರು ತಾವಾಗಿಯೇ ನನ್ನನ್ನ ಫಸ್ಟ್ ಅಂದರೆ, ನಾನು ನಿಲ್ಲಿಸಿ ಸರಿ ಮಾಡಬೇಕಿತ್ತಾ? ನೀನಾಗಿದ್ರೆ ಮಾಡ್ತಿದ್ಯಾ?”

ಅಪ್ಪ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ‘ನಮ್ಮ ಹುಡುಗ ಜರ್ಮನಿಯೊಳಗ ಕಾರ್ ಮಾಡ್ತಾನ’ ಎಂದು ಹೇಳಿಕೊಂಡು ಓಡಾಡುತ್ತಿದ್ದರು. ಪ್ರತಿ ಭಾನುವಾರ ಫೋನಿನಲ್ಲಿ ಅದನ್ನು ಕೇಳುತ್ತಿದ್ದೆ. ನಾನು ಕಾರ್ ಮಾಡುವುದಿಲ್ಲಪ್ಪಾ, ಬ್ರೇಕಿನ ಒಂದು ತುಣುಕನ್ನು ಪರೀಕ್ಷೆ ಮಾಡುತ್ತೇನೆ ಎಂದು ಒಮ್ಮೆಯೂ ಹೇಳಿರಲಿಲ್ಲ.

ಆದರೂ, ಸತ್ಯ ಬರೆಯಬೇಕೆಂದರೆ, ಅವರು ಹೋದ ಮೇಲೆ ನನ್ನ ಮೊದಲ ಯೋಚನೆ ಬೇರೆ ಇತ್ತು. ರಿಸರ್ವ್ ತಂಡದ ಪಟ್ಟಿ ಎಲ್ಲಿಯೂ ಇಲ್ಲ ಎಂದು ಗೊತ್ತಿದ್ದೇ ಹೀಗೆ ಹೇಳುತ್ತಿದ್ದಾರೋ ಏನೋ. ಪರೀಕ್ಷಿಸಲು ಬಾರದ ಜಾಗಕ್ಕೆ ಸರಿದು ನಿಂತುಬಿಟ್ಟರಲ್ಲ. ಗೆಳೆಯನಿಗೆ ಹೇಳಿದೆ. ಅವನು ಲೋಟ ತೊಳೆಯುತ್ತಿದ್ದವನು ತಿರುಗಿ ನಿಂತ.

“ಲೋ, ಸುಳ್ಳು ಹೇಳೋನು ಯಾರಾದ್ರೂ ‘ಜನ ನನ್ನ ನೋಡ್ತಾನೇ ಇರಲಿಲ್ಲ’ ಅಂತ ಸುಳ್ಳು ಹೇಳ್ತಾನೇನೋ? ಹೇಳೋದೇ ಆದ್ರೆ ಎರಡು ಗೋಲ್ ಹೊಡ್ದೆ ಅಂತಿದ್ದ.”

ಅದು ನಿಜವೆನ್ನಿಸಿತು. ಪೂರ್ತಿ ನಿಜವೆನ್ನಿಸಲಿಲ್ಲ. ಆದರೆ ನಾನು ತಪ್ಪು ಪಟ್ಟಿ ಪರೀಕ್ಷಿಸಿದ್ದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಮೊದಲ ತಂಡದ ಪಟ್ಟಿಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಕ್ಲಬ್ಬಿನಲ್ಲೇ ಇರಲಿಲ್ಲ ಎಂಬ ಹಾಗೆ ಬರೆದಿದ್ದೆ. ಆಫೀಸಿನಲ್ಲಿ ಹೊಸಬನೊಬ್ಬ ಹಾಗೆ ಮಾಡಿದ್ದರೆ ನಾನೇ ಬೈಯುತ್ತಿದ್ದೆ. ಎರಡನೇ ಹಾಳೆ ತಯಾರಿಸಿದೆ. ಹಿಂದಿನ ಹಾಳೆಯಲ್ಲಿ ಪರೀಕ್ಷಿಸಿದವನದೇ ತಪ್ಪು, ಈ ಪಟ್ಟಿಯಿಂದ ಏನೂ ಹೇಳಲು ಬರುವುದಿಲ್ಲ, ಅವರನ್ನೇ ಕೇಳಬೇಕು ಎಂದು ಬರೆದೆ. ಸಹಿ ಹಾಕಿದೆ. ಬಿ.ಇ. ಹಾಕಲಿಲ್ಲ.

ಸಮಿತಿಯ ಸಭೆ ಮರುದಿನ ಬೆಳಿಗ್ಗೆ, ಕ್ಲಬ್ಬಿನ ಕೋಣೆಯಲ್ಲಿ. ಐದು ಜನ, ಕಾಫಿ, ಮಧ್ಯದಲ್ಲಿ ಆ ಫೈಲು. ಕೋಚನ್ನೂ ನನ್ನನ್ನೂ ಕರೆದಿದ್ದರು. ನಾನು ಎದ್ದು ನಿಂತು ಎರಡನೇ ಹಾಳೆ ಓದಿದೆ. ರಿಸರ್ವ್ ಪಂದ್ಯದ ವಿಷಯವನ್ನೂ ಹೇಳಿದೆ: ಅದೇ ಮೈದಾನ, ಅದೇ ಅಂಗಿ, ಅದೇ ಎದುರಾಳಿ ಕ್ಲಬ್ಬು, ಅದನ್ನು ಫಸ್ಟ್ ಡಿವಿಷನ್ ಎಂದೇ ಲೆಕ್ಕ ಹಿಡಿಯಬಹುದಲ್ಲ ಎಂದೆ. ಅಷ್ಟು ಉದ್ದ ಜರ್ಮನ್ ಅದಕ್ಕೆ ಮೊದಲು ಒಮ್ಮೆಯೂ ಮಾತಾಡಿರಲಿಲ್ಲ.

ಅಧ್ಯಕ್ಷರು ನನ್ನನ್ನೇ ದಿಟ್ಟಿಸಿದರು. “ಮೊನ್ನೆ ಒಂದು ಹೇಳಿದೆ, ಇವತ್ತು ಒಂದು ಹೇಳ್ತೀಯ. ನಡುವೆ ಏನಾಯಿತು? ಅವರು ನಿನ್ನ ಮನೆಗೆ ಬಂದಿದ್ದನ್ನ ನಾನು ನೋಡಿದೆ.”

ಅವರ ಅನುಮಾನಕ್ಕೆ ನನ್ನ ಹತ್ತಿರ ಯಾವ ಹಾಳೆಯೂ ಇರಲಿಲ್ಲ. ಬೆಂಚಿನಿಂದ ಏಳಿಸುತ್ತೇನೆ ಎಂದು ಕೋಚ್ ನನಗೆ ಮಾತು ಕೊಟ್ಟಿರಬೇಕು ಎಂದು ಆ ಐದು ಮುಖಗಳಲ್ಲಿ ಕನಿಷ್ಠ ಮೂರು ಯೋಚಿಸುತ್ತಿದ್ದವು. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಯೋಚಿಸುತ್ತಿದ್ದೆ.

“ಫಾರ್ಮಿನಲ್ಲಿ ಎರಡೇ ಚೌಕ ಇರೋದು” ಎಂದು ಅಧ್ಯಕ್ಷರು ಕೋಚ್ ಕಡೆ ತಿರುಗಿದರು. “ಹೌದು, ಇಲ್ಲ. ನೀನೇ ಹೇಳಿಬಿಡು. ಹೌದು ಅಂದರೆ ನಾನು ಸಹಿ ಹಾಕಿ ಕಳಿಸ್ತೀನಿ.”

ಹೌದು ಎನ್ನಬಹುದಿತ್ತು. ಕಳಿಸುತ್ತಿದ್ದರು. ಅಷ್ಟು ದೂರದ ಕ್ಲಬ್ಬಿಗೆ ಯಾರೂ ಪತ್ರ ಬರೆದು ಕೇಳುತ್ತಿರಲಿಲ್ಲ. ಕೋಚ್ ನನ್ನ ಎರಡು ಹಾಳೆಗಳನ್ನೂ ನೋಡಿದರು, ಆಮೇಲೆ ಫಾರ್ಮನ್ನು ನೋಡಿದರು.

“ಇಲ್ಲ” ಎಂದರು. “ಇವನು ಇನ್ನೊಂದು ಸಲ ಹುಡುಕ್ತಾನೆ. ನನಗೆ ಆ ಚಿಂತೆ ಬೇಡ.”

ಯಾರೋ ಒಬ್ಬರು ನಗಲು ಹೋಗಿ ಕೆಮ್ಮಿದರು. ಪಕ್ಕದೂರಿನ ಲೈಸೆನ್ಸ್ ಇದ್ದವರೊಬ್ಬರಿಗೆ ಮೊದಲ ತಂಡ ಹೋಯಿತು. ನಮ್ಮ ಕೋಚ್ ಎರಡನೇ ತಂಡಕ್ಕೇ ಉಳಿದರು. ಮೂರು ಚಳಿಗಾಲದ ಕೋರ್ಸಿಗೆ ಅವರು ಹೆಸರು ಕೊಡಲಿಲ್ಲ. ನಾನು ಆ ಹಾಳೆ ಬರೆಯದೆ ಇದ್ದಿದ್ದರೆ ಅಧ್ಯಕ್ಷರು ಚೌಕದಲ್ಲಿ ಗುರುತು ಹಾಕಿ ಕಳಿಸಿಯೇ ಬಿಡುತ್ತಿದ್ದರು, ಕೋಚ್ ಸುಮ್ಮನಿರುತ್ತಿದ್ದರು, ಒಳ್ಳೆಯ ಕೋಚ್ ಒಬ್ಬರಿಗೆ ಒಳ್ಳೆಯ ತಂಡ ಸಿಗುತ್ತಿತ್ತು. ಅದು ಸರಿಯಾಗಿರುತ್ತಿತ್ತೇ? ಸರಿಯಾಗಿರುತ್ತಿರಲಿಲ್ಲ. ಆದರೆ ಅದರಿಂದ ಯಾರಿಗೆ ಏನು ನಷ್ಟವಾಗುತ್ತಿತ್ತು ಎಂದು ಇಂದಿಗೂ ನನಗೆ ಹೇಳಲು ಬರುವುದಿಲ್ಲ.

ಮುಂದಿನ ಭಾನುವಾರದ ಪಂದ್ಯಕ್ಕೆ ಹೋಗಬಾರದೆಂದೇ ಇದ್ದೆ. ಹೋಗದಿದ್ದರೆ ಎಲ್ಲರ ಅನುಮಾನ ನಿಜವಾಗುತ್ತದೆಂದು ಹೋದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಕೋಚ್ ತಂಡ ಓದಿದರು. ರೈಟ್ ಬ್ಯಾಕ್ ಎಂದು ನನ್ನ ಹೆಸರು ಬಂತು, ಮೊದಲ ಹನ್ನೊಂದರಲ್ಲಿ. ಇದು ದಯೆಯೋ, ಎಲ್ಲರೆದುರು ನನ್ನನ್ನು ಮಾತು ತಗೊಂಡವನೆಂದು ತೋರಿಸುವ ಸೇಡೋ?

ಹೊರಗೆ ಹೋಗುವಾಗ ತಡೆದು ಕೇಳಿದೆ. “ಯಾಕೆ ನನ್ನನ್ನ ಹಾಕಿದಿರಿ? ಈಗ ಎಲ್ಲರೂ ಏನಂದುಕೊಳ್ತಾರೆ?”

“ರೈಟ್ ಬ್ಯಾಕ್‌ಗೆ ಜ್ವರ” ಎಂದರು. ರೈಟ್ ಬ್ಯಾಕ್ ಬೇಲಿಯಾಚೆ ನಿಂತು ಸಾಸೇಜ್ ತಿನ್ನುತ್ತಿದ್ದ. ನಾನು ಅವನನ್ನು ನೋಡಿದ್ದನ್ನು ಅವರೂ ನೋಡಿದರು.

“ನೋಡು, ಮತ್ತೆ ಶುರು ಮಾಡಿದೆ” ಎಂದರು. “ಒಳ್ಳೆಯದು. ತೊಂಬತ್ತು ನಿಮಿಷ ಅವರ ಲೆಫ್ಟ್ ವಿಂಗ್‌ನವನನ್ನ ಹಾಗೇ ನೋಡ್ತಾ ಇರು. ಅವನು ಬಲಕ್ಕೆ ಹೋಗ್ತೀನಿ ಅಂತ ತೋರಿಸಿದರೆ ನಂಬಬೇಡ.”

ನಂಬಲಿಲ್ಲ. ತೊಂಬತ್ತು ನಿಮಿಷವೂ ನಂಬಲಿಲ್ಲ. ಆ ಹುಡುಗ ನನ್ನ ಕಡೆಯಿಂದ ಒಮ್ಮೆಯೂ ದಾಟಿಹೋಗಲಿಲ್ಲ. ನಾವು ಒಂದು ಗೋಲಿನಿಂದ ಸೋತೆವು. ಅದು ಇನ್ನೊಂದು ಕಡೆಯಿಂದ ಬಂತು.

ಪಂದ್ಯ ಮುಗಿದ ಮೇಲೆ ಕೋಚ್ ಬೇಲಿಯ ಪಕ್ಕದ ಮೇಜಿನ ಮೇಲೆ ಪಂದ್ಯದ ಹಾಳೆ ತುಂಬುತ್ತಿದ್ದರು. ಯಾರು ಆಡಿದರು, ಎಷ್ಟು ಹೊತ್ತು ಎಂದು ಬರೆದು ಫುಟ್‌ಬಾಲ್ ಸಂಘಕ್ಕೆ ಕಳಿಸುವ ಹಾಳೆ. ನನ್ನನ್ನು ಕರೆದು ಅದನ್ನು ನನ್ನ ಕಡೆ ತಿರುಗಿಸಿದರು.

“ಸರಿ ಇದೆಯಾ ನೋಡು. ನೀನು ಚೆನ್ನಾಗಿ ನೋಡ್ತೀಯ.”

ಅವರ ಮುಖದಲ್ಲಿ ನಗು ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಹಾಳೆ ತಗೊಂಡು ಹನ್ನೊಂದು ಹೆಸರನ್ನೂ ಮೇಲಿನಿಂದ ಓದಿದೆ. ನನ್ನ ಹೆಸರು ಎರಡನೆಯದು, ಮುಂದೆ ತೊಂಬತ್ತು ನಿಮಿಷ. ತಪ್ಪಿರಲಿಲ್ಲ. ಸರಿ ಇದೆ ಎಂದೆ. ಅವರು ಪೆನ್ನು ಕೊಟ್ಟರು, ನಾನು ಸಹಿ ಹಾಕಿದೆ.